ವಾಪಸ್ ಬಂದ ಬೋರ್ಡಿನಲ್ಲಿ ಯಾವ ಫೈಲಿನ ಯಾವ ವರ್ಷನ್ ಇದೆ? ಅನುಭವ ಇದ್ದವರು ಹೇಳಿ

ಪೀಣ್ಯ 2ನೇ ಹಂತ
ನಮ್ಮದು ಸಣ್ಣ ಕಂಪನಿ, ಪಂಪ್ ಕಂಟ್ರೋಲರ್ ಮಾಡುತ್ತೇವೆ. ಸಿ ಕೋಡ್, 140 ಫೈಲು, ಕೋಡಿನ ಪ್ರತಿ ಬದಲಾವಣೆಯನ್ನು ದಾಖಲಿಸುವ ಗಿಟ್‌ನಲ್ಲಿದೆ. ವರ್ಷನ್ ನಂಬರನ್ನು ಇವತ್ತಿಗೂ ಹೆಡರ್‌ನಲ್ಲಿ ಕೈಯಾರೆ ತಿದ್ದುತ್ತೇವೆ, ಅರ್ಧ ಸಲ ಮರೆಯುತ್ತೇವೆ. ರಿಪೇರಿಗೆ ಬಂದ ಬೋರ್ಡು ಯಾವ ಸೋರ್ಸ್‌ನಿಂದ ಆಗಿದ್ದು ಅಂತ ತಾನಾಗೇ ಗೊತ್ತಾಗಬೇಕು. ಫ್ಲ್ಯಾಶ್‌ನಲ್ಲಿ (ಚಿಪ್ಪಿನ ಮೆಮೊರಿ) ಉಳಿದಿರುವುದು 2 ಕೆಬಿ. ನೀವೆಲ್ಲ ಏನು ಮಾಡಿದಿರಿ?

ರಾಜಾಜಿನಗರ 98
1998ರಿಂದ ಮೀಟರ್ ಫರ್ಮ್‌ವೇರ್ ಮಾಡುತ್ತಿದ್ದೇನೆ. ನಮ್ಮಲ್ಲಿ ಪ್ರತಿ ಸಿ ಫೈಲಿನ ತಲೆಯಲ್ಲೂ ಡಾಲರ್ ಐಡಿ ಡಾಲರ್ ($Id$) ಅನ್ನುವ ಸ್ಟ್ರಿಂಗ್ ಇರುತ್ತಿತ್ತು. ಚೆಕ್ ಇನ್ ಮಾಡಿದರೆ ಸಾಕು, ಗಿಟ್‌ಗಿಂತ ಹಳೆಯ ಸಾಧನ ಆರ್‌ಸಿಎಸ್ ಅಲ್ಲೇ ಫೈಲ್ ಹೆಸರು, ರಿವಿಷನ್, ತಾರೀಖು, ಮಾಡಿದವರ ಹೆಸರು ತುಂಬುತ್ತಿತ್ತು. ಬೈನರಿ (ಬೋರ್ಡಿಗೆ ಹಾಕುವ ಫೈಲು) ಮೇಲೆ ಐಡೆಂಟ್ ಕಮಾಂಡ್ ಓಡಿಸಿದರೆ ಪೂರ್ತಿ ಪಟ್ಟಿ ಬರುತ್ತಿತ್ತು. ಇದು ಹೊಸದೇನಲ್ಲ. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಎಸ್‌ಸಿಸಿಎಸ್‌ಗೂ ಇದೇ ಕೆಲಸಕ್ಕೆ ವಾಟ್ ಅನ್ನುವ ಕಮಾಂಡ್ ಇತ್ತು.

ಪೆಟ್ಟು ತಿಂದದ್ದು 2009ರಲ್ಲಿ. ಹೊಸ ಕಂಪೈಲರ್, ಆಪ್ಟಿಮೈಸೇಷನ್ ಜಾಸ್ತಿ ಮಾಡಿದೆವು. ಆ ಸ್ಟ್ರಿಂಗ್ ಸ್ಟ್ಯಾಟಿಕ್ ತಾನೇ? ಯಾರೂ ಬಳಸುತ್ತಿಲ್ಲ ಅಂತ ಕಂಪೈಲರ್ ಕಿತ್ತುಹಾಕಿತು. ನಮಗೆ ಗೊತ್ತೇ ಆಗಲಿಲ್ಲ. ಮೂರು ತಿಂಗಳಲ್ಲಿ 212 ಮೀಟರ್ ಹೊರಗೆ ಹೋದವು. ತುಮಕೂರು, ದಾವಣಗೆರೆ, ಬಳ್ಳಾರಿ, ರಾಯಚೂರು ಅಂತ ರಾತ್ರಿ ಬಸ್ಸಿನಲ್ಲಿ ಓಡಾಡಿ ಒಂದೊಂದನ್ನೂ ಬಿಚ್ಚಿದೆ. 19 ದಿನ ಹಿಡಿಯಿತು. ಕಂಪೈಲರ್ ಕಿತ್ತುಹಾಕದಂತೆ ಸ್ಟ್ರಿಂಗಿಗೆ ಯೂಸ್ಡ್ ಆಟ್ರಿಬ್ಯೂಟ್ ಹಾಕಿ. ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಕೀಪ್ ಕೂಡ ಹಾಕಿ. ಇಲ್ಲದಿದ್ದರೆ ಕಂಪೈಲರ್ ಉಳಿಸಿದ್ದನ್ನು ಲಿಂಕರಿನ ಜಿಸಿ ಸೆಕ್ಷನ್ಸ್ ಆಪ್ಷನ್ ಎಸೆಯುತ್ತದೆ.

ಜಿಗಣಿ ಬಿಲ್ಡ್
ಸರ್, ಫೈಲಿಗೊಂದು ವರ್ಷನ್ ಅನ್ನುವುದು ಗಿಟ್‌ಗೂ ಮುಂಚಿನ ಸಿವಿಎಸ್ ಕಾಲದ ಮಾತು. ಗಿಟ್‌ನಲ್ಲಿ ಒಂದು ಕಮಿಟ್ ಹ್ಯಾಷ್ (ದಾಖಲಾದ ಬದಲಾವಣೆಯ ಗುರುತು ಸಂಖ್ಯೆ) ಗೊತ್ತಿದ್ದರೆ 140 ಫೈಲೂ ಗೊತ್ತಾದ ಹಾಗೆ. ಗಿಟ್ ಡಿಸ್ಕ್ರೈಬ್ ಕಮಾಂಡ್ ಟ್ಯಾಗ್ (ಬಿಡುಗಡೆಯ ಹೆಸರು) ಮತ್ತು ಹ್ಯಾಷ್ ಕೊಡುತ್ತದೆ, ಅದನ್ನು ಒಂದು ಸಿ ಫೈಲಿಗೆ ಬರೆಸಿ.

ಆದರೆ ನಮಗೂ ಸುಲಭವಾಗಿ ಬರಲಿಲ್ಲ. ಸಿಮೇಕ್‌ನಲ್ಲಿ (ಬಿಲ್ಡ್ ಮಾಡಿಸುವ ಸಾಧನ) ಆ ಕಮಾಂಡ್ ಕಾನ್ಫಿಗರ್ ಆದಾಗ ಮಾತ್ರ ಓಡುತ್ತಿತ್ತು, ಬಿಲ್ಡ್ ಆದಾಗ ಅಲ್ಲ. ಆರು ದಿನ ಹಳೇ ಹ್ಯಾಷೇ ಹೋಯಿತು. ಅದು ಸರಿಹೋಯಿತು ಅನ್ನುವಷ್ಟರಲ್ಲಿ ಸರ್ವರ್ ಒಂದೇ ಕಮಿಟ್ ಆಳಕ್ಕೆ ಕ್ಲೋನ್ ಮಾಡುತ್ತಿತ್ತು, ಟ್ಯಾಗೇ ಇಲ್ಲ. ಆಮೇಲೆ ಏಪ್ರಿಲ್ 2022. ಗಿಟ್ 2.35.2 ಬಂದಿತು, ಫೋಲ್ಡರಿನ ಒಡೆಯ ಬೇರೆಯಾಗಿದ್ದರೆ ಗಿಟ್ ಕೆಲಸ ಮಾಡಲು ಒಪ್ಪುವುದಿಲ್ಲ. ನಮ್ಮ ಬಿಲ್ಡ್ ಓಡುವ ಡಾಕರ್ ಕಂಟೇನರ್ ಒಳಗೆ ಹಾಗೇ ಇತ್ತು. ನಾನು ಬರೆದ ಸ್ಕ್ರಿಪ್ಟ್ ಎರರ್ ನುಂಗಿಕೊಂಡು 'ಅನ್‌ನೋನ್' ಅಂತ ಬರೆಯಿತು. 460 ಬೋರ್ಡು ಪ್ಯಾಕ್ ಆಗಿದ್ದವು, ಎಲ್ಲವನ್ನೂ ಬಿಚ್ಚಬೇಕಾಯಿತು. ಹೊಸ ಡಬ್ಬಿ ತಲಾ 18 ರೂಪಾಯಿ, ಒಟ್ಟು 8,280. ಭಾನುವಾರದ ಓವರ್‌ಟೈಮ್ ಬೇರೆ. ಇವತ್ತು ಹ್ಯಾಷ್ ಸಿಗದಿದ್ದರೆ ನಮ್ಮ ಬಿಲ್ಡ್ ನಿಂತೇ ಹೋಗುತ್ತದೆ.

ರಾಜಾಜಿನಗರ 98
ಒಂದೇ ಹ್ಯಾಷ್ ಸಾಕು ಅಂತೀರಲ್ಲ, ಟೆಸ್ಟ್ ಬೆಂಚಿನಲ್ಲಿ ಒಬ್ಬರು ಒಂದು ಫೈಲ್ ತಿದ್ದಿ ಹಾಗೇ ಬರ್ನ್ ಮಾಡಿದರೆ? ಹ್ಯಾಷ್ ಜೊತೆ ಡರ್ಟಿ (ಕಮಿಟ್ ಆಗದ ತಿದ್ದುಪಡಿ ಇದೆ) ಅಂತ ಬರುತ್ತದೆ. ಯಾವ ಫೈಲ್ ಅಂತ ಬರುತ್ತದಾ? ಗಿಟ್‌ಆಟ್ರಿಬ್ಯೂಟ್ಸ್‌ನಲ್ಲಿ ಐಡೆಂಟ್ ಅಂತ ಬರೆದರೆ ಗಿಟ್ ಕೂಡ ಪ್ರತಿ ಫೈಲಿಗೂ ಅದರದೇ ಬ್ಲಾಬ್ ಹ್ಯಾಷ್ (ಆ ಫೈಲಿನ ಗುರುತು) ಹಾಕುತ್ತದೆ.

ಜಿಗಣಿ ಬಿಲ್ಡ್
ಚೆಕ್‌ಔಟ್ ಆದಾಗ ಮಾತ್ರ ಹಾಕುತ್ತದೆ ಸರ್! ಎಡಿಟ್ ಮಾಡಿ ಕಮಿಟ್ ಮಾಡಿದ ಮೇಲೂ ನಿಮ್ಮ ಡಿಸ್ಕ್‌ನಲ್ಲಿ ಹಳೇ ಹ್ಯಾಷೇ ಕೂತಿರುತ್ತದೆ. ಬೆಂಚಿನಲ್ಲಿ ತಿದ್ದಿದ ಫೈಲ್ 'ನಾನು ಹಳಬ' ಅಂತ ಸುಳ್ಳು ಹೇಳುತ್ತದೆ. ಡರ್ಟಿ ಅಂತಾದರೂ ಹೇಳುವುದು ವಾಸಿ ಅಲ್ವಾ? ಅಲ್ಲದೆ 140 ಫೈಲಿಗೆ 40 ಅಕ್ಷರ ಅಂದರೆ 5,600 ಬೈಟ್. ಕೇಳಿದವರ ಹತ್ತಿರ ಇರುವುದೇ 2 ಕೆಬಿ.

ರಾಜಾಜಿನಗರ 98
ಫೈಲಿಗೊಂದು ಹ್ಯಾಷ್ ಬೇಡ ಅಂದರೆ ಬೇಡ. ಆದರೆ ಹಳೇ ಕಾಲ ಅಂತ ತಳ್ಳಿಹಾಕಬೇಡಿ. ನಮ್ಮ ಪಟ್ಟಿ ನೋಡಿ ಫೋನಿನಲ್ಲೇ ದೋಷ ಹೇಳುತ್ತಿದ್ದೆವು.

ಬಸವನಗುಡಿಯವಳು
ಬೋರ್ಡಿನೊಳಗೆ ಇಷ್ಟೆಲ್ಲ ತುಂಬಬೇಕಾಗಿಯೇ ಇಲ್ಲ. ಲಿಂಕರ್‌ಗೆ ಬಿಲ್ಡ್ ಐಡಿ ಆಪ್ಷನ್ ಕೊಡಿ, ಬಿಲ್ಡಿಗೆ ಅದರದೇ ಗುರುತು ಬರುತ್ತದೆ. 20 ಬೈಟಿನ ಐಡಿ, ನೋಟ್‌ನ ತಲೆಬರಹ ಸೇರಿ 36 ಬೈಟ್. ಅದಕ್ಕೆ ಹೊಂದುವ ಎಲ್ಫ್ ಫೈಲನ್ನು (ಡೀಬಗ್ ಮಾಹಿತಿ ಸಮೇತ ಲಿಂಕರ್ ಕೊಡುವ ಫೈಲು) ಆಫೀಸಿನಲ್ಲಿ ಇಟ್ಟುಕೊಳ್ಳಿ. ಕ್ಲ್ಯಾಂಗ್‌ನಲ್ಲಿ (ಕಂಪೈಲರ್) ಡ್ವಾರ್ಫ್ 5 ಅನ್ನುವ ಡೀಬಗ್ ಮಾದರಿ ಹಾಕಿದರೆ ಪ್ರತಿ ಸೋರ್ಸ್ ಫೈಲಿನ ಎಂಡಿ5 ಹ್ಯಾಷ್ ಆ ಎಲ್ಫ್‌ನಲ್ಲೇ ಸಿಗುತ್ತದೆ, ಬೆಂಚಿನಲ್ಲಿ ತಿದ್ದಿದ ಫೈಲೂ ಸಿಕ್ಕಿಬೀಳುತ್ತದೆ.

ನನ್ನ ಗೋಳು ಬೇರೆ. ಆಗ ನಮ್ಮದು ಹಳೇ ಜಿಸಿಸಿ ಕಂಪೈಲರ್, ಎಂಡಿ5 ಸಿಗುತ್ತಿರಲಿಲ್ಲ. ಸರ್ವರ್‌ನಲ್ಲಿ ಜಾಗ ಇಲ್ಲ ಅಂತ ಒಬ್ಬರು 14 ತಿಂಗಳ ಎಲ್ಫ್ ಅಳಿಸಿದರು. ಬೋರ್ಡಿನಲ್ಲಿ ಐಡಿ ಇದೆ, ಹೊಂದಿಸಲು ಏನೂ ಇಲ್ಲ. ಪ್ರತಿ ಕಮಿಟ್ ಮತ್ತೆ ಬಿಲ್ಡ್ ಮಾಡಿ ಹುಡುಕೋಣ ಅಂತ ಕೂತೆ. 318 ಕಮಿಟ್, ನಾಲ್ಕು ರಾತ್ರಿ, ಒಂದೂ ಹೊಂದಲಿಲ್ಲ. ಒಂದು ಫೈಲಿನಲ್ಲಿ ಬಿಲ್ಡ್ ಆದ ಹೊತ್ತನ್ನು ತುಂಬುವ ಡೇಟ್, ಟೈಮ್ ಮ್ಯಾಕ್ರೋ ಇತ್ತು. ಪ್ರತಿ ಬಿಲ್ಡ್‌ಗೂ ಐಡಿ ಬೇರೆ. ಫೋಲ್ಡರಿನ ದಾರಿ ಬದಲಾದರೂ ಡೀಬಗ್ ಮಾಹಿತಿಯಿಂದಾಗಿ ಐಡಿ ಬದಲಾಗುತ್ತದೆ.

ಜಿಗಣಿ ಬಿಲ್ಡ್
ಮೇಡಂ, ಬ್ಯಾಕಪ್ ಇಲ್ಲದೆ 14 ತಿಂಗಳು ಹೇಗೆ ನಡೆಸಿದಿರಿ? ಅಳಿಸಿದವರನ್ನು ಯಾರೂ ಕೇಳಲಿಲ್ಲವಾ?

ಬಸವನಗುಡಿಯವಳು
ಅಳಿಸಿದ್ದು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗ. ಅಳಿಸು ಅಂತ ಹೇಳಿದ್ದು ಮೇಲಿನವರು. ಬೈಗುಳ ತಿಂದದ್ದು ಅವನು. ಬ್ಯಾಕಪ್‌ಗೆ ಡಿಸ್ಕ್ ಬೇಕು ಅಂತ ನಾನು ಎರಡು ಸಲ ಮೇಲ್ ಹಾಕಿದ್ದೆ. ಗೊತ್ತಿಲ್ಲದೆ ಮಾತಾಡಬೇಡಿ.

ಜಿಗಣಿ ಬಿಲ್ಡ್
ಆ ಹುಡುಗನ ಮೇಲೆ ಹಾಕಿದ್ದು ತಪ್ಪು, ಒಪ್ಪುತ್ತೇನೆ. ಎಲ್ಫ್ ಒಂದನ್ನೇ ನಂಬಿದ್ದು ಸರಿ ಅಂತ ಮಾತ್ರ ಒಪ್ಪಲ್ಲ. ಹ್ಯಾಷ್ ಪಕ್ಕದಲ್ಲೇ ಇದ್ದಿದ್ದರೆ ನಾಲ್ಕು ರಾತ್ರಿ ಉಳಿಯುತ್ತಿತ್ತು.

ರಾಜಾಜಿನಗರ 98
ಸ್ಟ್ರಿಂಗ್ ಇದ್ದಿದ್ದರೂ ಉಳಿಯುತ್ತಿತ್ತು.

ಪೀಣ್ಯ 2ನೇ ಹಂತ
ಈಗ ತೆಗೆದು ನೋಡಿದೆ. ನಮ್ಮ ಮೇನ್ ಫೈಲಿನಲ್ಲೂ ಡೇಟ್ ಮ್ಯಾಕ್ರೋ ಇದೆ. ಬೋರ್ಡ್ ಆನ್ ಆದಾಗ ಸೀರಿಯಲ್‌ನಲ್ಲಿ ಆ ತಾರೀಖು ಬರುತ್ತದೆ. ಸರ್ವಿಸ್ ಹುಡುಗರು ಅದನ್ನೇ ಡೈರಿಯಲ್ಲಿ ಬರೆದುಕೊಂಡು ಬರುತ್ತಾರೆ. ತೆಗೆದರೆ ಅವರು ಏನು ಬರೆದುಕೊಳ್ಳಬೇಕು?

ಬಸವನಗುಡಿಯವಳು
ತೆಗೆಯಬೇಡಿ. ಕೊನೇ ಕಮಿಟ್‌ನ ಸಮಯವನ್ನು ಗಿಟ್ ಲಾಗ್‌ನಿಂದ ತೆಗೆದು ಸೋರ್ಸ್ ಡೇಟ್ ಎಪಾಕ್ ವೇರಿಯಬಲ್‌ಗೆ ಕೊಡಿ. ಜಿಸಿಸಿ 7ರಿಂದ ಮ್ಯಾಕ್ರೋ, ಎಷ್ಟು ಸಲ ಬಿಲ್ಡ್ ಮಾಡಿದರೂ, ಆ ತಾರೀಖನ್ನೇ ತೋರಿಸುತ್ತದೆ. ಅವರ ಡೈರಿ ಹಾಗೇ ನಡೆಯಲಿ.