ಶೀರ್ಷಿಕೆ ಪುಟವಿಲ್ಲದ ಹಳೆಯ ಫ್ರೆಂಚ್ ಪುಸ್ತಕ: ಇದು ಯಾವುದಿರಬಹುದು?

ಪ್ರಶ್ನೆ (ಧಾರವಾಡ)

ನಮಸ್ಕಾರ. ಭೂಗೋಳದ ಮಾಸ್ತರರಾಗಿದ್ದ ನಮ್ಮ ಅಜ್ಜನ ಸಂಗ್ರಹದಲ್ಲಿ ತೊಗಲಿನ ರಟ್ಟಿನ ಒಂದು ಫ್ರೆಂಚ್ ಪುಸ್ತಕವಿದೆ. ಶೀರ್ಷಿಕೆ ಪುಟ ಹರಿದುಹೋಗಿರುವುದರಿಂದ ಬರೆದವರು ಯಾರು, ಯಾವಾಗ ಅಚ್ಚಾಯಿತು ಎಂಬುದು ತಿಳಿಯುತ್ತಿಲ್ಲ. ಒಳಗೆ ಮಡಚಿದ ನಕ್ಷೆಯೊಂದಿದ್ದು, ನದಿಯ ಎರಡೂ ದಂಡೆಯ ಗುಡ್ಡಗಳನ್ನು ಗೆರೆಗಳಿಂದ ಜೋಡಿಸಿ ತ್ರಿಕೋನಗಳ ಸರಪಳಿ ಬರೆದಿದ್ದಾರೆ. ಕೆಳತುದಿಯಲ್ಲಿ ಟೋರ್ನೆಯಾ, ಮೇಲ್ತುದಿಯಲ್ಲಿ ಕಿಟಿಸ್ ಎಂಬ ಹೆಸರುಗಳಿವೆ. ಉಳಿದದ್ದು ಬಹುಪಾಲು ಕೋನಗಳ ಮತ್ತು ನಕ್ಷತ್ರ ವೀಕ್ಷಣೆಗಳ ಪಟ್ಟಿ. ಒಂದು ಪುಟದಲ್ಲಿ 57,437 ಎಂಬ ಸಂಖ್ಯೆಯಿದ್ದು, ಅದರ ಪಕ್ಕದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ 57,196 ಎಂದು ಬರೆದಿದ್ದಾರೆ. ಇದು ಯಾವ ಪುಸ್ತಕ? ಬೆನ್ನಿನ ತೊಗಲು ಬಿಟ್ಟುಕೊಂಡಿದೆ. ಹೊಸದಾಗಿ ಬೈಂಡ್ ಮಾಡಿಸಿ, ಪೆನ್ಸಿಲ್ ಗುರುತು ಅಳಿಸಬಹುದೇ?

ಉತ್ತರ 1 (ಗದಗ)

ಆ ಎರಡು ಹೆಸರು ಮತ್ತು 57,437 ಎಂಬ ಸಂಖ್ಯೆ ಸಾಕು, ಸರ್. ಇದು ಫ್ರೆಂಚ್ ವಿಜ್ಞಾನಿ ಮೋಪರ್‌ತ್ವೀ 1738ರಲ್ಲಿ ಪ್ರಕಟಿಸಿದ ‘ಲಾ ಫಿಗ್ಯೂರ್ ದ ಲಾ ತೆರ್’ (ಭೂಮಿಯ ಆಕಾರ) ಆಗಿರುವ ಸಂಭವ ಬಹಳ. ಭೂಮಿಯನ್ನು ಅಳೆಯಲು ಅವರ ತಂಡ ಲ್ಯಾಪ್‌ಲ್ಯಾಂಡಿಗೆ ಮಾಡಿದ ಪ್ರವಾಸದ ಬಗ್ಗೆ, ಜೊತೆಗಿದ್ದ ಪಾದ್ರಿ ಊತಿಯೇ ಬರೆದ ದಿನಚರಿ 1744ರಲ್ಲಿ ಬಂತು, ಆದರೆ ಅದರಲ್ಲಿ ಪ್ರಯಾಣದ ಕಥನ ಮತ್ತು ಊರುಗಳ ಚಿತ್ರಗಳಿರುತ್ತವೆ. ನೀವು ಹೇಳುವುದು ಪಟ್ಟಿಗಳು.

ಹಿನ್ನೆಲೆ ಇಷ್ಟು. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿರಬೇಕೆಂದು ನ್ಯೂಟನ್ 1687ರಲ್ಲೇ ಲೆಕ್ಕ ಹಾಕಿದ್ದರು. ಫ್ರಾನ್ಸಿನ ಖಗೋಳಜ್ಞ ಝಾಕ್ ಕಸೀನಿ ಮಾತ್ರ 1720ರ ತಮ್ಮ ಪುಸ್ತಕದಲ್ಲಿ ಪ್ಯಾರಿಸ್ಸಿನ ದಕ್ಷಿಣಕ್ಕೆ ಒಂದು ಡಿಗ್ರಿಯ ಉದ್ದ 57,097 ತ್ವಾಜ್, ಉತ್ತರಕ್ಕೆ 56,960 ಎಂದು ತೋರಿಸಿ, ಭೂಮಿ ಧ್ರುವಗಳತ್ತ ಚಾಚಿಕೊಂಡಿದೆ ಎಂದು ವಾದಿಸಿದರು. (ಒಂದು ತ್ವಾಜ್ ಎಂದರೆ ಸುಮಾರು 1.95 ಮೀಟರ್.) ನೆಲ ಚಪ್ಪಟೆಯಾದಷ್ಟೂ ನಕ್ಷತ್ರದ ಎತ್ತರ ಒಂದು ಡಿಗ್ರಿ ಬದಲಾಗಲು ಹೆಚ್ಚು ದೂರ ನಡೆಯಬೇಕಾಗುತ್ತದೆಯಾದ್ದರಿಂದ, ಆರ್ಕ್‌ಟಿಕ್ ವೃತ್ತದ ಬಳಿ ಡಿಗ್ರಿ ಉದ್ದವೋ ಗಿಡ್ಡವೋ ಎಂಬುದರಿಂದಲೇ ಈ ವಾದ ತೀರಬೇಕಿತ್ತು. ಮೋಪರ್‌ತ್ವೀ, ಕ್ಲೆರೋ, ಸೆಲ್ಸಿಯಸ್ ಮೊದಲಾದವರು 1736ರಲ್ಲಿ ಯೂರೋಪಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿಗೆ ಹೋದದ್ದು ಇದಕ್ಕಾಗಿಯೇ. ಅಲ್ಲಿ ಅವರಿಗೆ ಬಂದ ಒಂದು ಡಿಗ್ರಿಯ ಉದ್ದವೇ ನಿಮ್ಮ ಪುಟದ 57,437 ತ್ವಾಜ್.

ಆ ಪುಸ್ತಕದಲ್ಲಿ ಆಧಾರರೇಖೆಯ (ತ್ರಿಕೋನಗಳ ಲೆಕ್ಕಕ್ಕೆ ಬುನಾದಿಯಾಗಿ ನೆಲದ ಮೇಲೆ ನೇರವಾಗಿ ಅಳೆದ ಗೆರೆಯ) ಭಾಗವನ್ನು ತಪ್ಪದೇ ನೋಡಿರಿ. ಡಿಸೆಂಬರಿನ ಚಳಿಯಲ್ಲಿ, ಹೆಪ್ಪುಗಟ್ಟಿದ ನದಿಯ ಮೇಲೆ, ತಲಾ ಐದು ತ್ವಾಜ್ ಉದ್ದದ ಫರ್ ಮರದ ಕೋಲುಗಳನ್ನು ತುದಿಗೆ ತುದಿ ಹಚ್ಚುತ್ತ ಎರಡು ತಂಡಗಳು ಬೇರೆಬೇರೆಯಾಗಿ ಅದೇ ಗೆರೆಯನ್ನು ಅಳೆದವು. ಸುಮಾರು 7,407 ತ್ವಾಜ್, ಅಂದರೆ 14 ಕಿಲೋಮೀಟರಿಗೂ ಮಿಕ್ಕಿದ ಆ ದೂರದಲ್ಲಿ ಎರಡು ತಂಡಗಳ ನಡುವೆ ಬಂದ ವ್ಯತ್ಯಾಸ ನಾಲ್ಕೇ ಅಂಗುಲ. ನನಗೆ ಇಡೀ ಪುಸ್ತಕದ ಬೆಲೆ ಅಲ್ಲಿದೆ.

1738ರಲ್ಲೇ ಪ್ಯಾರಿಸ್ ಮತ್ತು ಆಮ್‌ಸ್ಟರ್‌ಡ್ಯಾಮ್ ಎರಡೂ ಕಡೆ ಈ ಪುಸ್ತಕ ಅಚ್ಚಾಗಿದೆ. ನಿಮ್ಮದು ಯಾವುದೆಂದು ತಿಳಿಯಲು, ಸಾಲುಗಳು ಎಲ್ಲಿ ಮುರಿದಿವೆ, ಪುಟದ ಅಡಿಯಲ್ಲಿ ಮುಂದಿನ ಪುಟದ ಮೊದಲ ಪದ ಹೇಗೆ ಅಚ್ಚಾಗಿದೆ ಎಂಬುದನ್ನು ಅಂತರ್ಜಾಲದಲ್ಲಿ ಸಿಗುವ ಸ್ಕ್ಯಾನ್ ಪ್ರತಿಗಳೊಂದಿಗೆ ಹೋಲಿಸಿರಿ.

ಉತ್ತರ 2 (ಹುಬ್ಬಳ್ಳಿ)

ದಯವಿಟ್ಟು ಹೊಸ ಬೈಂಡಿಂಗ್ ಬೇಡ. ಸಾಮಾನ್ಯ ಬೈಂಡಿಂಗ್ ಅಂಗಡಿಯಲ್ಲಿ ಅಂಚು ಕತ್ತರಿಸುತ್ತಾರೆ. ಅದರೊಂದಿಗೆ ನಿಮ್ಮ ಅಂಚಿನ ಬರಹವೂ ಹೋಗಬಹುದು. ಸೆಲ್ಲೋಟೇಪ್, ಫೆವಿಕಾಲ್ ಎರಡನ್ನೂ ಹಚ್ಚಬೇಡಿರಿ. ಬಿಟ್ಟುಕೊಂಡ ರಟ್ಟನ್ನು ಅಗಲವಾದ ಹತ್ತಿಯ ಲಾಡಿಯಿಂದ ಸಡಿಲವಾಗಿ ಕಟ್ಟಿ, ಆಮ್ಲರಹಿತ ಕಾಗದದಲ್ಲಿ ಸುತ್ತಿ, ಗೋಡೆಗೆ ತಾಗದ ಕಪಾಟಿನಲ್ಲಿ ಮಲಗಿಸಿ ಇಡಿರಿ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಬೂಷ್ಟು ಬೇಗ ಹಿಡಿಯುವುದರಿಂದ ಆಗಾಗ ತೆಗೆದು ನೋಡುತ್ತಿರಬೇಕು, ಆದರೆ ಬಿಸಿಲಿಗೆ ಒಡ್ಡಬಾರದು. ಮಡಚಿದ ನಕ್ಷೆಯನ್ನು ಪದೇ ಪದೇ ಬಿಚ್ಚುವ ಬದಲು ಒಮ್ಮೆ ಚೆನ್ನಾಗಿ ಫೋಟೊ ತೆಗೆದಿಟ್ಟುಕೊಳ್ಳಿರಿ.

ಉತ್ತರ 3 (ಹಾವೇರಿ)

ಪೆನ್ಸಿಲಿನ ಸಂಖ್ಯೆಯ ಬಗ್ಗೆ ಒಂದು ಮಾತು. 1801ರಿಂದ 1803ರವರೆಗೆ ಸ್ವೀಡನ್ನಿನ ಸ್ವಾನ್‌ಬೆರ್ಗ್ ಅದೇ ಪ್ರದೇಶವನ್ನು ಮತ್ತೆ ಅಳೆದರು. ಅವರಿಗೆ ಬಂದ ಡಿಗ್ರಿ 57,196 ತ್ವಾಜ್. ಅಂದರೆ ಮೊದಲ ಅಳತೆ ಇನ್ನೂರಕ್ಕೂ ಹೆಚ್ಚು ತ್ವಾಜ್ ಜಾಸ್ತಿಯಾಗಿತ್ತು. ಅಳೆದ ಕಮಾನು (ಉತ್ತರ-ದಕ್ಷಿಣವಾಗಿ ಅಳೆದ ಭೂಮಿಯ ತುಂಡು) ಒಂದು ಡಿಗ್ರಿಗಿಂತಲೂ ಕಡಿಮೆ. ಅಲ್ಲಿ ಒಂದು ಸೆಕೆಂಡ್ ಕೋನ (ಡಿಗ್ರಿಯ 3,600ನೇ ಒಂದು ಭಾಗ) ತಪ್ಪಿದರೂ ನೆಲದ ಮೇಲೆ ಸುಮಾರು 31 ಮೀಟರ್ ತಪ್ಪುತ್ತದೆ. ಆದರೂ ತಿದ್ದಿದ ಸಂಖ್ಯೆ ಫ್ರೆಂಚ್ ಖಗೋಳಜ್ಞ ಪಿಕಾರ್ ಪ್ಯಾರಿಸ್ಸಿನ ಬಳಿ ಪಡೆದ 57,060ಕ್ಕಿಂತ ಹೆಚ್ಚೇ. ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ಬೂಗೇರ್ ಸಮಭಾಜಕದ ಬಳಿ ಪಡೆದ 56,753ಕ್ಕಿಂತ ಇನ್ನೂ ಹೆಚ್ಚು. ಭೂಮಿ ಧ್ರುವಗಳಲ್ಲಿ ಚಪ್ಪಟೆ ಎಂಬ ತೀರ್ಮಾನ ಅಲುಗಲಿಲ್ಲ.

ಸ್ವಾನ್‌ಬೆರ್ಗ್ ತಮ್ಮ ವರದಿಯನ್ನು ಪ್ರಕಟಿಸಿದ್ದು 1805ರಲ್ಲಿ. ಹಾಗಾಗಿ ಆ ಬರಹ ಅದಕ್ಕಿಂತ ಈಚಿನದು, ಮತ್ತು ಬರೆದವರು ಈ ವಿಷಯವನ್ನು ಆಳವಾಗಿ ಓದಿಕೊಂಡವರು. ಅದನ್ನು ಅಳಿಸಬೇಡಿರಿ, ಅಜ್ಜನವರ ಬೇರೆ ಪುಸ್ತಕಗಳಲ್ಲಿಯೂ ಅದೇ ಕೈಬರಹವಿದೆಯೇ ನೋಡಿ ತಿಳಿಸಿರಿ.