ಗುಳ್ಳೆ ಇಲ್ಲ, ದದ್ದು ಇಲ್ಲ, ಆದರೂ ಮೈಯೆಲ್ಲಾ ತುರಿಕೆ

ಪ್ರಶ್ನೆ: ಡಾಕ್ಟರೇ, ಅಮ್ಮನಿಗೆ 67 ವರ್ಷ. ಮೂರು ತಿಂಗಳಿಂದ ತುರಿಕೆ, ರಾತ್ರಿ ಜಾಸ್ತಿ. ಗುಳ್ಳೆ ಏನೂ ಕಾಣಲ್ಲ, ಕೆರೆದುಕೊಂಡ ಗೀರು ಮಾತ್ರ ಇವೆ. ಅಲರ್ಜಿಯ ಮಾತ್ರೆ ಸೆಟ್ರಿಜಿನ್ ಕೊಟ್ಟರೆ ತೂಕಡಿಸುತ್ತಾರೆ, ತುರಿಕೆ ಹೋಗಲ್ಲ. ವಯಸ್ಸಾಯ್ತಲ್ವಾ ಅಂತಾರೆ ಎಲ್ಲರೂ.

ಚರ್ಮರೋಗ ತಜ್ಞೆಯ ಉತ್ತರ: ನಮಸ್ಕಾರ. ತುರಿಕೆ ಆರು ವಾರ ದಾಟಿತು ಅಂದರೆ ಕಾರಣ ಹುಡುಕಲೇಬೇಕು. ದಯವಿಟ್ಟು ವಯಸ್ಸಿನ ಮೇಲೆ ಹಾಕಿ ಸುಮ್ನಿರಬೇಡಿ.

ಸೆಟ್ರಿಜಿನ್ ತಡೆಯುವುದು ಅಲರ್ಜಿಯಲ್ಲಿ ತುರಿಕೆ ತರುವ ಹಿಸ್ಟಮಿನ್ ಎಂಬ ವಸ್ತು ಒಂದನ್ನು. ಪಿತ್ತದ ಗಂಧೆಗೆ ಅದು ಒಳ್ಳೆಯ ಮಾತ್ರೆ. ಆದರೆ ತುರಿಕೆಯ ನರಗಳನ್ನು ಕೆರಳಿಸುವ ವಸ್ತುಗಳು ಇನ್ನೂ ಹಲವು ಇವೆ, ಅವಕ್ಕೆ ಅದು ನಾಟುವುದಿಲ್ಲ.

ಒಮ್ಮೆ ಅಮ್ಮನ ಬೆನ್ನು ನೋಡಿ. ಭುಜ, ಸೊಂಟದ ತುಂಬ ಗೀರಿದ್ದು, ಕೈ ಎಟುಕದ ನಡುಬೆನ್ನು ಮಾತ್ರ ಚಿಟ್ಟೆಯ ಆಕಾರದಲ್ಲಿ ನುಣುಪಾಗಿದೆಯಾ? ಹಾಗಿದ್ದರೆ ಆ ಗುರುತುಗಳು ಕೆರೆದೇ ಆದವು. ಆಗ ನಾವು ಮೈಯೊಳಗೂ ಹುಡುಕುತ್ತೇವೆ: ಕಿಡ್ನಿ, ಲಿವರ್, ಥೈರಾಯ್ಡ್, ಕಬ್ಬಿಣದಂಶದ ಕೊರತೆ, ಅಪರೂಪಕ್ಕೆ ರಕ್ತದ ಕಾಯಿಲೆ. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಕಬ್ಬಿಣದಂಶ), ಕ್ರಿಯೇಟಿನಿನ್ (ಕಿಡ್ನಿ), ಎಲ್‌ಎಫ್‌ಟಿ (ಲಿವರ್), ಟಿಎಸ್‌ಎಚ್ (ಥೈರಾಯ್ಡ್), ಶುಗರ್ ರಕ್ತಪರೀಕ್ಷೆ ಮಾಡಿಸಿ. ಬರುವಾಗ ಅವರು ನುಂಗುವ ಮಾತ್ರೆಗಳನ್ನೆಲ್ಲ ತನ್ನಿ. ಕೆಲವು ಮಾತ್ರೆಗಳಿಂದಲೂ ತುರಿಕೆ ಬರುತ್ತದೆ.

ಪ್ರಶ್ನೆ: ಅಮ್ಮ ಬಾಚಣಿಗೆಯಲ್ಲಿ ನಡುಬೆನ್ನೂ ಕೆರೆದುಕೊಳ್ಳುತ್ತಾರೆ ಡಾಕ್ಟರೇ. ಸುಡುನೀರು ಹೊಯ್ದುಕೊಂಡರೆ ಹಾಯೆನಿಸುತ್ತದಂತೆ. ಮೆಡಿಕಲ್ ಶಾಪಿನವರು ಒಂದು ಕ್ರೀಮ್ ಕೊಟ್ಟಿದ್ದಾರೆ, ಹಚ್ಚಲಾ?

ಉತ್ತರ: ಹಾಗಾದರೆ ಬೆನ್ನನ್ನು ನಂಬುವಂತಿಲ್ಲ, ಹೇಳಿದ್ದು ಒಳ್ಳೆಯದಾಯಿತು. ಸುಡುನೀರು ಚರ್ಮದ ಜಿಡ್ಡನ್ನೆಲ್ಲ ತೊಳೆದುಬಿಡುತ್ತದೆ. ಒಂದೆರಡು ಗಂಟೆಯಲ್ಲಿ ತುರಿಕೆ ಇನ್ನೂ ಜೋರಾಗುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಸೋಪು ಕಂಕುಳು, ತೊಡೆಸಂದಿಗೆ ಮಾತ್ರ. ಟವೆಲ್ಲಿನಲ್ಲಿ ಒತ್ತಿ, ಮೈ ಇನ್ನೂ ಹಸಿಯಾಗಿರುವಾಗಲೇ ಪರಿಮಳವಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಆ ಕ್ರೀಮ್ ಬೇಡ. ಇಂಥವುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಚರ್ಮ ತೆಳುವಾಗುತ್ತದೆ, ಹುಳಕಡ್ಡಿ ಇದ್ದರೆ ಹಬ್ಬುತ್ತದೆ.

ಒಂದು ಮಾತು ಕೇಳುವುದಿತ್ತು. ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯಾ?

ಪ್ರಶ್ನೆ: ಮಗ ಎರಡು ವಾರದಿಂದ ಬೆರಳಸಂದಿ ಕೆರೆದುಕೊಳ್ಳುತ್ತಿದ್ದಾನೆ. ಅಜ್ಜಿಯ ಜೊತೆಗೇ ಮಲಗುತ್ತಾನೆ.

ಉತ್ತರ: ಹಾಗಿದ್ದರೆ ಮೊದಲ ಅನುಮಾನ ಕಜ್ಜಿಯ (ಸ್ಕೇಬೀಸ್) ಮೇಲೆ. ಅದು ಚರ್ಮದೊಳಗೆ ಸೇರುವ ಸಣ್ಣ ಹುಳುವಿನಿಂದ ಬಂದು, ಒಟ್ಟಿಗೆ ಮಲಗುವವರಿಗೆ ಹರಡುತ್ತದೆ. ವಯಸ್ಸಾದವರಲ್ಲಿ ಗುಳ್ಳೆ ಕಾಣದೇ ಇರಬಹುದು. ನಾಳೆಯೇ ಇಬ್ಬರನ್ನೂ ಚರ್ಮದ ಡಾಕ್ಟರಿಗೆ ತೋರಿಸಿ. ಕಜ್ಜಿಯೇ ಆಗಿದ್ದರೆ ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ರಾತ್ರಿ ಆ ಹುಳು ಕೊಲ್ಲುವ ಪರ್ಮೆಥ್ರಿನ್ ಕ್ರೀಮ್ ಹಚ್ಚಿಕೊಳ್ಳಬೇಕು, ವಾರದ ನಂತರ ಮತ್ತೊಮ್ಮೆ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಹುಳು ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಗಾಬರಿಯಾಗಿ ಮತ್ತೆ ಮತ್ತೆ ಹಚ್ಚಬೇಡಿ. ರಕ್ತಪರೀಕ್ಷೆ ಮಾತ್ರ ಬಿಡಬೇಡಿ, ಒಬ್ಬರಿಗೇ ಎರಡು ಕಾರಣವೂ ಇರಬಹುದು.