ಕ್ರಿಸ್ಮಸ್ ಉಡುಗೊರೆಯ ಕಸೂತಿ: ‘81 ಹೊಲಿಗೆ’ ಎಂದರೆ ಎಷ್ಟು?

ಬಳಗದ ಎಲ್ಲರಿಗೂ ನಮಸ್ಕಾರ.

ಕ್ರಿಸ್ಮಸ್‌ಗೆ ಮನೆಯವರಿಗೆ ಕೈಯಾರೆ ಕಸೂತಿ ಹಾಕಿ ಕೊಡಬಹುದಾದ ಉಡುಗೊರೆಗಳ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅಪ್ಪನಿಗೆ ಹೆಸರಿನ ಅಕ್ಷರವಿರುವ ಕರವಸ್ತ್ರ, ಅಮ್ಮನಿಗೆ ಕನ್ನಡಕದ ಚೀಲ, ಸದಾ ಓದುತ್ತಿರುವ ಅಕ್ಕನಿಗೆ ಬುಕ್‌ಮಾರ್ಕ್, ಅಜ್ಜಿಗೆ ದಿಂಬಿನ ಹೊದಿಕೆ, ಮಕ್ಕಳಿಗೆ ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ನಕ್ಷತ್ರ. ಏನು ಮಾಡಬಹುದು ಎಂಬುದಕ್ಕೆ ಬರವಿಲ್ಲ. ಹೇಗೆ ಮಾಡಬೇಕು ಎಂಬುದನ್ನು ಬರೆಯುವಾಗ ಮಾತ್ರ ‘ಹೊಲಿಗೆ’ ಎಂಬ ಪದವೇ ತೊಡಕಾಗಿದೆ. ನಿಮ್ಮ ಸಲಹೆ ಬೇಕು.

ಹೊಲಿಯುವ ಕೆಲಸವೂ ಹೊಲಿಗೆ, ಹೊಲಿಯುವ ಬಗೆಯೂ ಹೊಲಿಗೆ, ಸೂಜಿ ಒಮ್ಮೆ ಮೇಲೆ ಬಂದು ಕೆಳಗಿಳಿದಾಗ ಬಟ್ಟೆಯ ಮೇಲೆ ಉಳಿಯುವ ದಾರದ ತುಣುಕೂ ಹೊಲಿಗೆ. ಗಾಯಕ್ಕೆ ಐದು ಹೊಲಿಗೆ ಬಿತ್ತು ಎಂದರೆ ಯಾರಿಗೂ ಗೊಂದಲವಿಲ್ಲ. ಆದರೆ ಎಣಿಸಿ ಹಾಕುವ ಕಸೂತಿಯಲ್ಲಿ ಇದು ಸಾಲದು. ಕರವಸ್ತ್ರದ ಮೂಲೆಗೆ ಒಂದು ಪುಟ್ಟ ಕ್ರಿಸ್ಮಸ್ ಮರ ಹಾಕುತ್ತೇವೆ ಎಂದುಕೊಳ್ಳಿ. ತುದಿಯಲ್ಲಿ ಒಂದು, ಅದರ ಕೆಳಗೆ ಮೂರು, ಮತ್ತೆ ಐದು, ಹೀಗೆ ಸಾಲಿಗೆ ಎರಡೆರಡು ಹೆಚ್ಚುತ್ತ ಒಂಬತ್ತನೆಯ ಸಾಲಿಗೆ 17. ಒಟ್ಟು 81. ಕಾಂಡಕ್ಕೆ ಮೂರರಂತೆ ಎರಡು ಸಾಲು ಸೇರಿದರೆ 87. ಇವು ಒಂದೊಂದೂ ಗುಣಾಕಾರದ ಚಿಹ್ನೆಯಂತೆ ಕೂಡುವ ಎರಡು ಓರೆ ಗೆರೆ. ಹಾಗಾದರೆ ಈ 81 ಏನು? ‘ಹೊಲಿಗೆ’ ಎಂದು ಬರೆದರೆ, ಆ ಎರಡು ಓರೆ ಗೆರೆಗಳಲ್ಲಿ ಪ್ರತಿಯೊಂದನ್ನೂ ಹೊಸಬರು ಒಂದು ಹೊಲಿಗೆ ಎಂದು ಎಣಿಸುತ್ತಾರೆ. ಅವರ ಲೆಕ್ಕದಲ್ಲಿ ಅದು 162. ಹಾಗೆ ಎಣಿಸುವುದು ತಪ್ಪೆಂದು ಹೇಳಲು ಪದದೊಳಗೆ ಯಾವ ಆಧಾರವೂ ಇಲ್ಲ.

ಈ ಬಗೆಗೆ ಇಂಗ್ಲಿಷಿನಿಂದ ಬಂದ ‘ಕ್ರಾಸ್ ಸ್ಟಿಚ್’ ಎಂಬ ಹೆಸರು ಎಲ್ಲರಿಗೂ ಗೊತ್ತು. ಆದರೆ ‘81 ಕ್ರಾಸ್ ಸ್ಟಿಚ್ ಹಾಕಿ’ ಎಂಬುದು ಬಗೆಯ ಹೆಸರನ್ನು ಎಣಿಕೆಗೆ ಎಳೆದು ತಂದಂತಾಗುತ್ತದೆ. ನನ್ನ ಒಲವು ನಮ್ಮಲ್ಲೇ ಇರುವ ‘ಮೆಂತೆ’ಯ ಕಡೆಗೆ. ಉತ್ತರ ಕರ್ನಾಟಕದ ಸಾಂಪ್ರದಾಯಿಕ ಕಸೂತಿಯ ನಾಲ್ಕು ಹೊಲಿಗೆಗಳಾದ ಗವಂತಿ, ಮುರ್ಗಿ, ನೇಗಿ, ಮೆಂತೆಗಳಲ್ಲಿ ಈ ಕೊನೆಯದು ಕ್ರಾಸ್ ಸ್ಟಿಚ್ಚೇ. ಮೆಂತೆ ಕಾಳಿನಿಂದ ಬಂದ ಹೆಸರಾದ್ದರಿಂದ ಎಣಿಸುವುದಕ್ಕೂ ಒಗ್ಗುತ್ತದೆ. ‘ಮೊದಲ ಸಾಲಿಗೆ ಒಂದು ಮೆಂತೆ, ಎರಡನೆಯ ಸಾಲಿಗೆ ಮೂರು ಮೆಂತೆ’ ಎಂದು ಬರೆದು ನೋಡಿದೆ, ಎಲ್ಲಿಯೂ ಎಡವಲಿಲ್ಲ. ಒಂದು ಮೆಂತೆಗೆ ಎರಡು ಓರೆ ಹೊಲಿಗೆ ಎಂದು ಆರಂಭದಲ್ಲೇ ಹೇಳಿಬಿಟ್ಟರೆ, ಈ ಕೆಲಸದ ಮುಖ್ಯ ನಿಯಮವನ್ನೂ ತಿಳಿಯಾಗಿ ಹೇಳಬಹುದು: ಎಲ್ಲ ಮೆಂತೆಗಳಲ್ಲೂ ಮೇಲಿನ ಓರೆ ಹೊಲಿಗೆ ಒಂದೇ ಕಡೆಗೆ ವಾಲಿರಬೇಕು. ಕೆಲವು ಎಡಕ್ಕೆ, ಕೆಲವು ಬಲಕ್ಕೆ ವಾಲಿದರೆ ದಾರದ ಹೊಳಪು ಒಡೆದು ಮರದ ಹಸಿರು ಮಚ್ಚೆಮಚ್ಚೆಯಾಗಿ ಕಾಣುತ್ತದೆ.

ಇದಕ್ಕೆ ಬರಬಹುದಾದ ಆಕ್ಷೇಪವೂ ಗೊತ್ತಿದೆ. ‘ಕಸೂತಿ’ ಇಂದು ಸೂಜಿ ಚಿತ್ತಾರಕ್ಕೆಲ್ಲ ಸಾಮಾನ್ಯ ಹೆಸರಾದರೂ, ಗೋಪುರ, ತೇರು, ಆನೆಗಳನ್ನು ಎಳೆ ಎಣಿಸಿ ಮೂಡಿಸುವ ಒಂದು ನಿರ್ದಿಷ್ಟ ಕಲೆಗೂ ಅದೇ ಹೆಸರು. ಆ ಕಲೆಯ ಪದವನ್ನು ತಂದು ಹಿಮಸಾರಂಗಕ್ಕೂ ಕ್ರಿಸ್ಮಸ್ ಮರಕ್ಕೂ ಅಂಟಿಸುವುದು ಸರಿಯೇ ಎಂದು ಕೇಳುವವರಿರುತ್ತಾರೆ. ಸರಿಯೆಂದೇ ನನ್ನ ಅಭಿಪ್ರಾಯ. ಹೆಸರು ಸೂಜಿಯ ನಡೆಗೆ ಇರುವುದೇ ಹೊರತು ಮೂಡುವ ಚಿತ್ರಕ್ಕಲ್ಲ.

‘ಗವಂತಿ’ಯ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಧೈರ್ಯವಿದೆ. ಹೋಗುವಾಗ ಒಂದು ಬಿಟ್ಟು ಒಂದರಂತೆ ಸಮನಾದ ಹೊಲಿಗೆ ಹಾಕಿ, ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟ ಜಾಗಗಳನ್ನು ತುಂಬುವುದು ಅದರ ಕ್ರಮ. ಗೆರೆ ಎರಡೂ ಮಗ್ಗುಲಲ್ಲಿ ಒಂದೇ ರೀತಿ ಕಾಣುತ್ತದೆ. ಬುಕ್‌ಮಾರ್ಕ್‌ಗೆ ಹೇಳಿ ಮಾಡಿಸಿದ ಹೊಲಿಗೆ ಇದು. ಪುಸ್ತಕದಿಂದ ತೆಗೆದಾಗಲೆಲ್ಲ ಹಿಂಬದಿಯೂ ಕಣ್ಣಿಗೆ ಬೀಳುವ ವಸ್ತು ತಾನೇ? ದಾರದ ತುದಿಗೆ ಗಂಟು ಹಾಕಬಾರದು, ಹಾಕಿದ ಹೊಲಿಗೆಗಳ ಅಡಿಯಲ್ಲೇ ತುದಿಯನ್ನು ತೂರಿಸಿ ಮುಗಿಸಬೇಕು. ‘ಡಬಲ್ ರನ್ನಿಂಗ್ ಸ್ಟಿಚ್’ ಎಂದು ಬರೆದು ಆಮೇಲೆ ಮೂರು ಸಾಲು ವಿವರಣೆ ಕೊಡುವುದಕ್ಕಿಂತ, ಗವಂತಿ ಎಂದು ಬರೆದು ಅದೇ ಮೂರು ಸಾಲು ಕೊಡುವುದು ಮೇಲು.

ಚೌಕ ನೇಯ್ಗೆಯ ಐಡಾ ಬಟ್ಟೆಯ ಅಳತೆಗೆ ‘14 ಕೌಂಟ್’ ಎನ್ನುತ್ತಾರೆ. ಅಂದರೆ ಇಂಚಿಗೆ 14 ಚೌಕ. ಇಲ್ಲಿ ಚದುರಂಗದ ‘ಮನೆ’ಯನ್ನು ತಂದಿದ್ದೇನೆ: ‘ಇಂಚಿಗೆ 14 ಮನೆಯ ಬಟ್ಟೆ’, ‘ಮನೆಗೊಂದು ಮೆಂತೆ’. ಬುಕ್‌ಮಾರ್ಕ್‌ನ ಚಿತ್ರ 28 ಮನೆ ಅಗಲ, 84 ಮನೆ ಉದ್ದವಿದ್ದರೆ ಎರಡು ಇಂಚು, ಆರು ಇಂಚು ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು.

‘ಎಳೆ’ ಇದಕ್ಕಿಂತ ಸೂಕ್ಷ್ಮ. ಕಸೂತಿ ದಾರದಲ್ಲಿ ಆರು ಎಳೆ ಇರುತ್ತವೆ, ಬೇಕಾದಷ್ಟನ್ನು ಬಿಡಿಸಿಕೊಳ್ಳುತ್ತೇವೆ. ಬಟ್ಟೆಯ ಹಾಸು ಹೊಕ್ಕಿನ ನೂಲೂ ಎಳೆಯೇ. ಇಂಚಿಗೆ 28 ಎಳೆ ಇರುವ ಲಿನನ್ ಮೇಲೆ ಎರಡೆರಡು ಎಳೆ ಹಿಡಿದು ಮೆಂತೆ ಹಾಕಿದರೆ 14 ಮನೆಯ ಐಡಾದಷ್ಟೇ ಗಾತ್ರ ಬರುತ್ತದೆ. ಹಾಗಾಗಿ ಬರಿದೇ ‘ಎರಡು ಎಳೆ’ ಎಂದರೆ ಯಾವ ಎಳೆ ಎಂಬ ಪ್ರಶ್ನೆ ಏಳುತ್ತದೆ. ಹೊಸ ಪದ ಕಟ್ಟುವ ಅಗತ್ಯ ನನಗೆ ಕಾಣುತ್ತಿಲ್ಲ. ‘ಎರಡೆಳೆ ದಾರದಿಂದ, ಬಟ್ಟೆಯ ಎರಡೆಳೆಯ ಮೇಲೆ’ ಎಂದು ಬರೆದರೆ ಸಾಕು, ಉಳಿದದ್ದನ್ನು ವಿಭಕ್ತಿಯೇ ನೋಡಿಕೊಳ್ಳುತ್ತದೆ.

ಬಣ್ಣಗಳಿಗೆ ಹೆಸರಿನ ಜೊತೆ ಸಂಖ್ಯೆಯನ್ನೂ ಕೊಡುತ್ತಿದ್ದೇನೆ. ಡಿಎಂಸಿ ಕಂಪನಿಯ ದಾರಗಳಲ್ಲಿ ಕ್ರಿಸ್ಮಸ್ ಕೆಂಪು ಎಂದು ಕರೆಸಿಕೊಂಡದ್ದು ಒಂದೇ ಅಲ್ಲ. 321 ಅನ್ನು ಅಚ್ಚಗೆಂಪು ಎಂದೂ 498 ಅನ್ನು ಕಡುಗೆಂಪು ಎಂದೂ ಬರೆದಿದ್ದೇನೆ. ಇನ್ನು ಕೆಂಪು ಹಣ್ಣಿನ, ಮುಳ್ಳಂಚಿನ ಆ ಎಲೆಯನ್ನು ‘ಹಾಲಿ ಎಲೆ’ ಎಂದರೆ ಈಗಿರುವ ಎಲೆ ಎಂಬ ಅರ್ಥ ಬಂದುಬಿಡುತ್ತದೆ, ‘ಹಾಲಿ ಗಿಡದ ಎಲೆ’ ಎಂದೇ ಬಿಡಿಸಿ ಬರೆಯಬೇಕು. ಅದರ ಹಣ್ಣಿಗೆ ಹಾಕುವ ಗಂಟು ಹೊಲಿಗೆ ಫ್ರೆಂಚ್ ನಾಟ್, ಹೂವಿನ ಎಸಳಿಗೆ ಹಾಕುವ ಕುಣಿಕೆ ಹೊಲಿಗೆ ಲೇಜಿ ಡೇಜಿ, ಇವೆರಡರ ಹೆಸರನ್ನೂ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ. ಹೊಲಿಯುವವರು ಅನ್ನುವುದೇ ಹಾಗೆ.

ಈಗ ಕರವಸ್ತ್ರದ ಅಕ್ಷರ. ಇಂಗ್ಲಿಷಿನಲ್ಲಾದರೆ ಹೆಸರಿನ ಮೊದಲ ಅಕ್ಷರ ಯಾವುದೆಂಬ ಪ್ರಶ್ನೆಯೇ ಇಲ್ಲ. ಕನ್ನಡದಲ್ಲಿ ಸ್ಟೆಲ್ಲಾ ಎಂಬ ಹೆಸರಿಗೆ ‘ಸ’ ಹಾಕಬೇಕೇ, ‘ಸ್ಟೆ’ ಹಾಕಬೇಕೇ? ಅಕ್ಷರವೆಂದರೆ ಸ್ವರವೂ ಒತ್ತೂ ಕೂಡಿದ್ದು, ಆದ್ದರಿಂದ ‘ಸ್ಟೆ’ಯೇ ಸರಿ ಎಂದು ನಾನು ಹೇಳುತ್ತೇನೆ. ತಂಗಿಯ ಹೆಸರು ಸ್ಟೆಲ್ಲಾ ಆಗಿದ್ದು ಅಣ್ಣನ ಹೆಸರು ಸ್ಯಾಮ್ಯುಯೆಲ್ ಆಗಿದ್ದರೆ, ಬರಿಯ ‘ಸ’ ಇಟ್ಟ ಎರಡು ಕರವಸ್ತ್ರಗಳಲ್ಲಿ ಯಾವುದು ಯಾರದೆಂದು ತಿಳಿಯುವುದು ಹೇಗೆ? ಒತ್ತಿಗಾಗಿ ಕೆಳಗೆ ಜಾಗ ಬಿಡಬೇಕಾಗುತ್ತದೆ, ಬಿಡೋಣ. ನಮ್ಮ ಅಕ್ಷರಗಳ ದುಂಡು ಮೆಂತೆಯ ಚೌಕಗಳಲ್ಲಿ ಮೂಲೆಮೂಲೆಯಾಗುವುದರಿಂದ, ಪೆನ್ಸಿಲಿನಲ್ಲಿ ಬರೆದುಕೊಂಡು ಬ್ಯಾಕ್ ಸ್ಟಿಚ್‌ನಲ್ಲಿ ಚಿಕ್ಕಚಿಕ್ಕದಾಗಿ ಹೊಲಿಯಲು ಸೂಚಿಸಿದ್ದೇನೆ. ತಿರುವುಗಳಲ್ಲಿ ಹೊಲಿಗೆ ಇನ್ನಷ್ಟು ಗಿಡ್ಡವಿರಲಿ.

ಉಳಿದದ್ದು ನನಗೆ ಬಗೆಹರಿಯದ ಒಂದು ಪದ. ಫೆಲ್ಟ್ ಬಟ್ಟೆಯ ನಕ್ಷತ್ರಕ್ಕೆ ಎರಡು ಪದರ ಕೂಡಿಸಿ, ನಡುವೆ ಹತ್ತಿ ತುಂಬಿ, ಅಂಚನ್ನು ಬ್ಲಾಂಕೆಟ್ ಸ್ಟಿಚ್‌ನಿಂದ ಮುಚ್ಚುತ್ತೇವೆ. ಗುಂಡಿಯ ಕಾಜಾಕ್ಕೆ ಒತ್ತೊತ್ತಾಗಿ ಹಾಕುವುದನ್ನು ಕಾಜಾ ಹೊಲಿಗೆ ಎನ್ನುತ್ತೇವೆ. ನೋಟಕ್ಕೆ ಅದರ ಹತ್ತಿರದ ನೆಂಟನಂತಿದ್ದರೂ, ಕಾಲಿಂಚು ಬಿಟ್ಟುಬಿಟ್ಟು ಅಂಚಿಗೆ ಹಾಕುವ ಈ ಹೊಲಿಗೆಯನ್ನೂ ಕಾಜಾ ಎನ್ನಬಹುದೇ? ‘ಬಿಡಿ ಕಾಜಾ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಹೊಲಿಯುವವರು ಇದಕ್ಕೆ ಏನನ್ನುತ್ತಾರೆ, ದಯವಿಟ್ಟು ಅವರನ್ನೇ ಕೇಳಿ ಬರೆಯಿರಿ. ‘ಮೆಂತೆ’ಯನ್ನು ಎಣಿಕೆಯ ಪದವಾಗಿ ಬಳಸಿದ್ದನ್ನು ಕೇಳಿದವರಿದ್ದರೆ ಅದನ್ನೂ ತಿಳಿಸಿ.